ರಾಜೀನಾಮೆ ಕೊಟ್ಟು ಕೆಟ್ಟೆ

ಏಳು ವರ್ಷ ರಂಗಂಪೇಟೆಯಿಂದ ಶಹಾಪುರದ ಖಾಸಗಿ ಶಾಲೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದವಳು ನಾನು. ಈಗ ಮನೆಯಿಂದ ಐದೇ ನಿಮಿಷದ ಶಾಲೆಯೊಂದರಲ್ಲಿ ಹಿಂದಿ ಟೀಚರ್ ಕೆಲಸ ಸಿಕ್ಕಿತ್ತು. ಒಂದೇ ಷರತ್ತು: ತಿಂಗಳೊಳಗೆ ಸೇರಬೇಕು. ನನ್ನ ನೇಮಕಾತಿ ಪತ್ರದಲ್ಲೂ ನೋಟೀಸಿನ ಅವಧಿ ಒಂದೇ ತಿಂಗಳು. ಸೋಮವಾರ ರಾಜೀನಾಮೆ ಕೊಟ್ಟು, ಸ್ಟಾಫ್‌ರೂಮಿಗೆಲ್ಲ ಪೇಢಾ ಹಂಚಿಬಿಟ್ಟೆ!

ಶುಕ್ರವಾರ ಹೆಡ್‌ಮಾಸ್ತರರು ಕರೆದರು.

“ಟೀಚರ್ರೀ, ನೀವು ಮೂರು ತಿಂಗಳು ಇರಬೇಕಾಗ್ತದ. ರೂಲ್ ಬದಲಾಗ್ಯಾದ.”

“ಯಾವಾಗ್ರಿ?”

“ಮೊನ್ನಿ ಬುಧವಾರ.”

ನನಗೆ ಪಿತ್ತ ನೆತ್ತಿಗೇರಿತು. ಸೋಮವಾರದ ರಾಜೀನಾಮೆಗೆ ಬುಧವಾರದ ರೂಲ್! ಇದು ಶಾಲೆಯೋ, ಹಗಲು ದರೋಡೆಯೋ? ಸಂಜೆ ಪಕ್ಕದ ಮನೆಯ ವಕೀಲರು ನನ್ನ ನೇಮಕಾತಿ ಪತ್ರ ಓದಿ, “ನಿಮ್ಮ ಒಪ್ಪಿಗಿ ಇಲ್ದ ಹಂಗ ಬದಲಿ ಮಾಡಾಕ ಬರಂಗಿಲ್ರಿ. ಧೈರ್ಯದಿಂದ ಕೇಳ್ರಿ” ಎಂದರು.

ನನ್ನ ಯಜಮಾನರು ಮಾತ್ರ, “ಸ್ವಲ್ಪ ಸಮಾಧಾನದಿಂದ ಮಾತಾಡು” ಎಂದರು. ಸಮಾಧಾನವಂತೆ! ಏಳು ವರ್ಷ ಬಸ್ಸಿನಲ್ಲಿ ನಿಂತವರು ಅವರಲ್ಲವಲ್ಲ.

ಮರುದಿನ ಸ್ಟಾಫ್‌ರೂಮಿನ ಹನ್ನೊಂದು ಜನರನ್ನೂ ಬೆನ್ನಿಗೆ ಕಟ್ಟಿಕೊಂಡು ಒಳಗೆ ನುಗ್ಗಿದೆ.

“ನನ್ನ ಒಪ್ಪಿಗಿ ಎಲ್ಲಿ ಅದ ಸರ್? ತೋರಸ್ರಿ!” ಎಂದು ಮೇಜು ಗುದ್ದಿದೆ.

ಅವರು ಸೂಚನಾ ಪುಸ್ತಕ ತೆರೆದರು. ದಿನವೂ ಪಾಠದ ನಡುವೆ ಜವಾನ ತರುವ, ನಾವು ತರಗತಿಯ ಬಾಗಿಲಲ್ಲೇ ನಿಂತು ಸಹಿ ಗೀಚಿ ಕಳಿಸುವ ಪುಸ್ತಕ ಅದು. ಬುಧವಾರದ ಪುಟದಲ್ಲಿ ಹೀಗಿತ್ತು: ‘ಈಗಾಗಲೇ ರಾಜೀನಾಮೆ ಕೊಟ್ಟವರೂ ಸೇರಿ ಎಲ್ಲರಿಗೂ ನೋಟೀಸಿನ ಅವಧಿ ಮೂರು ತಿಂಗಳು. ಒಪ್ಪುವವರು ಸಹಿ ಮಾಡಿ.’

ಮೊದಲ ಸಹಿ ನನ್ನದು! ಪಕ್ಕದಲ್ಲಿ, ಅಭ್ಯಾಸಬಲದಿಂದ, ‘ಓದಿ ಒಪ್ಪಿದ್ದೇನೆ’ ಎಂದು ಬೇರೆ ಬರೆದಿದ್ದೆ. ಸಾಲದ್ದಕ್ಕೆ ಕೆಳಗೆ ಎರಡು ಗೆರೆ!

“ಇದು ಮೋಸ!” ಎಂದು ಕೂಗಿದೆ. ತಿರುಗಿ ನೋಡಿದರೆ, ನನ್ನ ಸೈನ್ಯವೆಲ್ಲ ಪುಸ್ತಕದ ಮೇಲೆ ಬಗ್ಗಿ ತಂತಮ್ಮ ಸಹಿ ಹುಡುಕುತ್ತಿತ್ತು.

“ನೀವು ಸಹಿ ಮಾಡೀರಂದ್ರ ಓದೇ ಮಾಡಿರ್ತೀರಿ ಅಂತ ನಾವೂ ಹಾಕಿದ್ವಿ. ನಮ್ಮನ್ನೂ ಮುಳುಗಿಸಿದ್ರಲ್ರೀ ಟೀಚರ!” ಎಂದು ಗಣಿತದ ಮಾಸ್ತರರು ಹಲ್ಲು ಕಡಿದರು.

ರಂಗಂಪೇಟೆಯ ಶಾಲೆ ಮೂರು ತಿಂಗಳು ಕಾಯಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತು. ಬೇರೆ ದಾರಿ ಕಾಣದೆ, ರಾಜೀನಾಮೆ ವಾಪಸ್ ಕೊಡಿರೆಂದು ಹೆಡ್‌ಮಾಸ್ತರರಿಗೆ ನಾಲ್ಕೇ ಸಾಲಿನ ಅರ್ಜಿ ಕೊಟ್ಟಿದ್ದೇನೆ. ವಾರವಾಯಿತು, ಇನ್ನೂ ಸಹಿ ಹಾಕಿಲ್ಲ. ಅವರು ಪೂರ್ತಿ ಓದದೆ ಯಾವುದಕ್ಕೂ ಸಹಿ ಹಾಕುವವರಲ್ಲವಂತೆ!