ಇನ್ನೂರ ಹದಿನಾರನೇ ನಂಬರಿನ ಕೋಟು

ಹದಿನೈದನೇ ಕಂತಿನ ಕೊನೆಯಲ್ಲಿ ಆ ಮಹಾರಾಯ ಬಾಯಿ ಬಿಡದೆ ಬಸ್ಸು ಹತ್ತಿ ಹೋದದ್ದೇ ಇಷ್ಟಕ್ಕೆಲ್ಲ ಕಾರಣ.

ಹೋಗುವವನು ಹೋಗಲಿ, ಒಂದು ಮಾತು ಆಡಿ ಹೋಗಬಾರದೇ? ಉದ್ದ ಕೋಟಿನ ಜೇಬಿಗೆ ಎರಡೂ ಕೈ ಇಳಿಬಿಟ್ಟು ನಿಂತ. ನಾಯಕಿಯನ್ನು ಎಡಗಡೆಯಿಂದ ನೋಡಿದ, ಬಲಗಡೆಯಿಂದ ನೋಡಿದ. ಸಾಲದು ಎಂದು ಕ್ಯಾಮೆರಾದವನು ಮಾಡಿನ ಮೇಲಿಂದಲೂ ಒಮ್ಮೆ ತೋರಿಸಿದ. ಹಿಂದೆಲ್ಲೋ ಪಿಯಾನೋ ಅತ್ತಿತು. ಬಸ್ಸು ಬಂತು, ಹತ್ತಿದ. ಇನ್ನುಳಿದದ್ದು ಒಂದೇ ಕಂತು.

ಕೊರಿಯಾದ ಆ ಧಾರಾವಾಹಿಯನ್ನು ನಮ್ಮ ಕತೆಯ ಹುಡುಗಿ ತನ್ನ ಅಜ್ಜಿಯ ಜೊತೆ ಕೂತು ನೋಡುತ್ತಿದ್ದಳು. ಅಜ್ಜಿಗೆ ಆ ಭಾಷೆ ಬಾರದು, ಕೆಳಗೆ ಓಡುವ ಅಕ್ಷರ ಕಾಣಿಸದು. ಆದರೂ ಕತೆ ಮೊದಲು ತಿಳಿಯುತ್ತಿದ್ದದ್ದು ಅಜ್ಜಿಗೇ. "ಇವನು ರಾಜಕುಮಾರ. ಕಪ್ಪು ಕಾರಲ್ಲಿ ಬರೋಳು ರಾಣಿ, ಇವನ ತಾಯಿ, ಮದುವೆಗೆ ಒಪ್ಪಲ್ಲ. ಇನ್ನೊಬ್ಬ ಹುಡುಗ ಇದಾನಲ್ಲ, ಅವನು ತುಂಬಾ ಒಳ್ಳೆಯವನು. ಅದಕ್ಕೇ ಅವನಿಗೆ ಏನೂ ಸಿಗಲ್ಲ."

ಅಜ್ಜಿಯ ತಕರಾರು ಒಂದೇ. "ಹದಿನೈದು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇ ಬಂತು. ನನ್ನ ಕತೆಯಲ್ಲಾಗಿದ್ರೆ ಗಿಳಿ ಕೈಲಿ ಓಲೆ ಕಳಿಸಿ, ಮದುವೇನೂ ಆಗಿ, ಇಷ್ಟೊತ್ತಿಗೆ ತೊಟ್ಟಿಲು ಕಟ್ಟಿರೋರು!"

ಆ ಗಿಳಿಯ ಕತೆ ಕೇಳಿಕೇಳಿಯೇ ದೊಡ್ಡವಳಾದವಳು ಅವಳು. ಏಳು ಸಮುದ್ರದಾಚೆಯ ರಾಜಕುಮಾರ ಕತೆ ಮುಗಿದ ಮೇಲೂ ಅವಳ ರೆಪ್ಪೆಯೊಳಗೆ ಕುದುರೆ ಕಟ್ಟಿ ಕೂತಿರುತ್ತಿದ್ದ. ಈಗ ಕುದುರೆ ಹೋಗಿ ಕೋಟು ಬಂದಿತ್ತು, ಅಷ್ಟೇ.

ಕೋಟಿನ ವಿಷಯದಲ್ಲಿ ಮಾತ್ರ ಧಾರಾವಾಹಿಯ ಮೇಲೆ ಅವಳಿಗೂ ಸಿಟ್ಟಿತ್ತು. ಅವಳ ಕೆಲಸ ಲಾಂಡ್ರಿಯಲ್ಲಿ. ನಾಯಕ ನಾಯಕಿಯನ್ನು ಎತ್ತಿಕೊಳ್ಳಲು ಹೋಗಿ ಕೆಸರಿಗೆ ಬೀಳುತ್ತಾನೆ; ಮುಂದಿನ ನೋಟದಲ್ಲಿ ಕೋಟು ಆಗಷ್ಟೇ ಹುಟ್ಟಿದ ಕೂಸಿನಂತೆ ಹೊಳೆಯುತ್ತದೆ. ಹದಿನೈದು ಕಂತಿನಲ್ಲಿ ಹತ್ತೊಂಬತ್ತು ಕೋಟು. ಒಂದರ ಕಾಲರಿನಲ್ಲೂ ಬೆವರಿನ ಕಲೆಯಿಲ್ಲ. "ಇವನ್ನೆಲ್ಲ ಒಗೆಯೋರು ಯಾರು?" ಎಂದು ಅವಳು ಗೊಣಗುತ್ತಿದ್ದಳು. ಅಷ್ಟರಲ್ಲಿ ಅವನು ತಿರುಗುತ್ತಿದ್ದ, ಕೋಟಿನ ಅಂಚು ಗಾಳಿಗೆ ಹಾರುತ್ತಿತ್ತು, ಅವಳು ಎಲ್ಲವನ್ನೂ ಕ್ಷಮಿಸಿಬಿಡುತ್ತಿದ್ದಳು.

ಲಾಂಡ್ರಿಯಲ್ಲಿ ಅವಳ ಹೆಸರೇ 'ಕಂತು'. ದಿನಾ ಬೆಳಿಗ್ಗೆ ಅವಳು ಹಿಂದಿನ ಕಂತನ್ನು ಒಪ್ಪಿಸುವವರೆಗೆ ಇಸ್ತ್ರಿಯಣ್ಣ ಪೆಟ್ಟಿಗೆ ಕಾಯಿಸುತ್ತಿರಲಿಲ್ಲ, ಗುಂಡಿ ಹೊಲಿಯುವ ಗುಂಡಿಯಕ್ಕ ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ.

ಅಂದು ಗುರುವಾರ. ಗುರುವಾರವೆಂದರೆ ಹತ್ತು ಗಂಟೆಗೆ ಕೋಟಿನವರು ಬರುವ ದಿನ. ಬೂದುಬಣ್ಣದ, ಮಂಡಿ ದಾಟುವ ಕೋಟನ್ನು ತೋಳ ಮೇಲೆ ಹಾಕಿಕೊಂಡು ಏಳು ವಾರದಿಂದ ಅವರು ತಪ್ಪದೆ ಬರುತ್ತಿದ್ದರು. ಏಳು ವಾರದಲ್ಲಿ ಅವಳೊಡನೆ ಆಡಿದ್ದು ಒಟ್ಟು ಇಪ್ಪತ್ತಮೂರು ಮಾತು. ಅವಳು ಎಣಿಸಿಟ್ಟಿದ್ದಳು. ಅದರಲ್ಲಿ ಏಳು ಸಲ 'ಕೋಟು', ಏಳು ಸಲ 'ಕಾಲರ್'.

ಅಂದು ಮಾತ್ರ ಅವರು ಉದಾರಿಯಾದರು. "ಸಂಜೆ ಐದಕ್ಕೆ ಬೇಕಿತ್ತು. ಹೊರಗೆ ಊಟಕ್ಕೆ ಹೋಗೋದಿದೆ. ಮನೆಗೇ ಕಳಿಸೋಕಾಗುತ್ತಾ?"

"ಆಗುತ್ತೆ" ಎಂದಳು. ವಿಳಾಸ ಬರೆದುಕೊಂಡಳು, ಯಾರ ಜೊತೆ ಊಟ ಎಂದು ಕೇಳಲಿಲ್ಲ. ಇನ್ನೂರ ಹದಿನಾರನೇ ನಂಬರಿನ ಚೀಟಿ ಕೊಡುವಾಗ ಬೆರಳಿಗೆ ಬೆರಳು ತಾಕಿತು. ಪಿಯಾನೋ ಮೊಳಗಬೇಕಿತ್ತು, ಒಗೆಯುವ ಮಷೀನು ಗಡಗಡ ಎಂದಿತು.

ಅವರು ಮೆಟ್ಟಿಲಿಳಿದದ್ದೇ ತಡ, ಗುಂಡಿಯಕ್ಕ ಶುರುಮಾಡಿದಳು. "ಇನ್ನೂ ಎಷ್ಟು ವಾರ ಬಿಟ್ಟಕಣ್ಣು ಬಿಟ್ಕೊಂಡು ನಿಂತಿರ್ತೀಯೇ? ಒಂಟಿ ಗಂಡಸು ಕಣೇ ಅವರು. ಕೋಟು ಬಿಟ್ರೆ ಬೇರೆ ಏನಾದ್ರೂ ಬಂದಿದೆಯಾ? ಹೆಣ್ಣುಮಕ್ಕಳ ಬಟ್ಟೆ ಬಂತಾ? ಮಕ್ಕಳ ಯೂನಿಫಾರಂ ಬಂತಾ? ಮನುಷ್ಯರು ಸುಳ್ಳು ಹೇಳ್ತಾರೆ, ಬಟ್ಟೆ ಹೇಳಲ್ಲ."

"ಗುಂಡಿ ಬೇರೆ ಎರಡು ಸಲ ಕಿತ್ತು ಬಂದಿತ್ತು" ಎಂದ ಇಸ್ತ್ರಿಯಣ್ಣ. "ಹೆಂಡತಿ ಇದ್ದಿದ್ರೆ ಹೊಲೀತಿರಲಿಲ್ವಾ?"

"ನಿನ್ನ ಹೆಂಡತಿ ಹೊಲೀತಾಳಾ?"

"ನನ್ನ ವಿಷಯ ಯಾಕೀಗ?"

ಆ ಲಾಂಡ್ರಿಯಲ್ಲಿ ಒಂದು ಕಟ್ಟಳೆಯಿತ್ತು. ಒಗೆಯುವ ಮೊದಲು ಜೇಬು ತಡಕಬೇಕು. ಸಿಕ್ಕಿದ್ದನ್ನೆಲ್ಲ ಪುಟ್ಟ ಕವರಿಗೆ ಹಾಕಿ, ನಂಬರು ಬರೆದು, ಬಟ್ಟೆ ಸಿದ್ಧವಾದ ಮೇಲೆ ಅದಕ್ಕೇ ಪಿನ್ನು ಹೊಡೆಯಬೇಕು. ಹಿಂದೊಮ್ಮೆ ಯಾರದೋ ಫೋನ್ ನಂಬರು ಬರೆದಿದ್ದ ಬಸ್ ಟಿಕೆಟ್ ಕಸಕ್ಕೆ ಹೋಗಿ ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ಯಜಮಾನರ ಅಪ್ಪಣೆ: "ಮೇಜಿನ ಮೇಲಿರೋ ಚೂರು ಕಾಗದವೂ ಗಿರಾಕಿದೇ." ಹಾಗಾಗಿ ಎಷ್ಟೋ ಗಿರಾಕಿಗಳ ಪ್ಯಾಂಟು ಮಿಠಾಯಿ ಸಿಪ್ಪೆ ಸಮೇತ ಮರ್ಯಾದೆಯಿಂದ ಮನೆ ಸೇರುತ್ತಿತ್ತು.

ಮಧ್ಯಾಹ್ನ ಕೋಟು ಒಣಗಿ, ಇಸ್ತ್ರಿಯಾಗಿ ಬಂತು. ಅದರ ತೋಳನ್ನು ಮಡಿಸುವಾಗ ಅವಳಿಗೆ ಯಾರದೋ ಕೈಯನ್ನು ಹಿಡಿದು ಮಡಿಲಲ್ಲಿಟ್ಟುಕೊಂಡಂತೆ ಆಯಿತು. ಬಸ್ಸು ಹತ್ತಿ ಹೋದವನ ನೆನಪಾಯಿತು. ಹೇಳದೆ ಹೋದ ಮಾತೆಲ್ಲ ಎಲ್ಲಿಗೆ ಹೋಗುತ್ತದೆ? ನಂಬರು ಚೀಟಿಯೊಂದನ್ನು ತಿರುಗಿಸಿ, ಹಬೆಯಲ್ಲೂ ಓದಲು ಬರುವಂತೆ ಅಂಗಡಿಯವರೆಲ್ಲ ಬರೆಯುವ ಗುಂಡಗಿನ ಅಕ್ಷರದಲ್ಲಿ ಬರೆದಳು:

'ಎದುರಿಗೇ ನಿಂತರೂ ಒಂದು ಮಾತು ಹೇಳಲು ಬಾಯಿ ಬರುವುದಿಲ್ಲ. ಹೇಳದೆ ಉಳಿದದ್ದನ್ನೆಲ್ಲ ಈ ಜೇಬು ಹೊತ್ತುಕೊಂಡು ತಿರುಗುತ್ತಿದೆ.'

ಕೊಡಲಿಕ್ಕಲ್ಲ, ಬರೆದು ಹರಿಯಲಿಕ್ಕೆ. ಆದರೆ ಹರಿಯುವ ಮೊದಲೇ ಮುಂದಿನಿಂದ ಯಾರೋ ಗಿರಾಕಿ ಕೂಗಿದರು. ಅವರ ಪರದೆಯ ಅಳತೆಯ ಜಗಳ ಮುಗಿಸಿ ಬರುವಷ್ಟರಲ್ಲಿ ಮೇಜು ಖಾಲಿ. ಚೀಟಿ ಇಲ್ಲ, ಕೋಟೂ ಇಲ್ಲ.

"ಅಣ್ಣಾ, ಇಲ್ಲಿದ್ದ ಚೀಟಿ?"

"ಕೋಟಿನ ಪಕ್ಕ ಬಿದ್ದಿತ್ತು. ಕವರಿಗೆ ಹಾಕಿ ಪಿನ್ನು ಹೊಡೆದೆ. ಯಜಮಾನರು ಸ್ಕೂಟರಲ್ಲಿ ಒಯ್ದರು."

"ಓದಿದ್ರಾ?"

"ಗಿರಾಕಿ ಕಾಗದ ಓದೋದು ತಪ್ಪಮ್ಮ." ಇಸ್ತ್ರಿಯಣ್ಣ ಕೆಮ್ಮಿದ. "ಎರಡೇ ಸಾಲಿತ್ತು. ಕಣ್ಣು ತಾನಾಗೇ ಓದಿಬಿಡ್ತು. ಪಾಪ, ಕೋಟಿನವರು ಯಾರಿಗೋ ಎಷ್ಟು ಚೆನ್ನಾಗಿ ಬರೆದಿದಾರೆ!"

ಅವಳ ಮುಖ ನೋಡಿ ಗುಂಡಿಯಕ್ಕನಿಗೆ ಎಲ್ಲ ಹೊಳೆಯಿತು. "ಅಯ್ಯೋ ಪೆದ್ದೇ, ನೀನು ಬರೆದದ್ದಾ?" ಎಂದವಳೇ ಡಬ್ಬಿಯಿಂದ ಬೂದುಬಣ್ಣದ ಗುಂಡಿಯೊಂದನ್ನು ತೆಗೆದು ಅವಳ ಅಂಗೈಗೆ ಒತ್ತಿದಳು. "ಓಡು! ಗುಂಡಿ ಉಳಿದುಹೋಗಿತ್ತು ಅನ್ನು. ಕವರು ಬಿಚ್ಚಿಲ್ಲದಿದ್ರೆ ಇಸ್ಕೊಂಡು ಬಾ. ಬಿಚ್ಚಿದ್ರೆ... ಬಿಚ್ಚಿದ್ರೆ ತಲೆ ಬಾಚ್ಕೊಂಡು ಹೋಗು!"

ತಲೆ ಬಾಚಲು ಪುರುಸೊತ್ತೆಲ್ಲಿ? ಏಪ್ರನ್ನಿನ ತುಂಬ ಪಿನ್ನು ಚುಚ್ಚಿಕೊಂಡು ಮುಳ್ಳುಹಂದಿಯಂತೆ ಓಡಿದಳು. ಚೀಟಿ ವಾಪಸು ಸಿಗಲಿ ಎಂದು ಕಾಲು ಓಡುತ್ತಿತ್ತು. ಅಷ್ಟರಲ್ಲಿ ಅವರು ಓದಿಬಿಟ್ಟಿರಲಿ ಎಂದು ಅದೇ ಕಾಲು ಮೂಲೆಮೂಲೆಗೂ ನಿಧಾನವಾಗುತ್ತಿತ್ತು.

ಎರಡನೇ ತಿರುವಿನಲ್ಲಿ ಯಜಮಾನರು ಎದುರಾದರು. ಸ್ಕೂಟರು ಖಾಲಿ.

"ಅಂಗಡಿ ಬಿಟ್ಟು ಎಲ್ಲಿಗಮ್ಮ ಸವಾರಿ?"

"ಇನ್ನೂರ ಹದಿನಾರು... ಗುಂಡಿ..." ಎಂದು ಏದುಸಿರು ಬಿಡುತ್ತ ಅಂಗೈ ತೋರಿಸಿದಳು.

ಯಜಮಾನರು ಸ್ಕೂಟರು ಆರಿಸಿದರು. ಅವರ ಕಣ್ಣು ತುಂಬಿತು. "ಒಂದು ಗುಂಡಿಗೋಸ್ಕರ ಇಷ್ಟು ಓಡಿ ಬಂದ್ಯಾ? ಇಪ್ಪತ್ತು ವರ್ಷದಿಂದ ಹೇಳ್ತಾ ಬಂದೆ, ಗಿರಾಕಿ ಗುಂಡಿ ನಮ್ಮ ಕಣ್ಣಗುಡ್ಡೆ ಅಂತ. ಒಬ್ಬರಾದ್ರೂ ಕಿವಿಗೆ ಹಾಕ್ಕೊಂಡ್ರಾ?" ಆ ಹೊಗಳಿಕೆ ಮುಗಿಯಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಂದು ಕವರನ್ನಲ್ಲ, ಹತ್ತು ಕವರನ್ನು ಬಿಚ್ಚಬಹುದಿತ್ತು.

ಮನೆ ಮೂರನೇ ಮಹಡಿಯಲ್ಲಿತ್ತು. ಕೊನೆಯ ಮೆಟ್ಟಿಲಲ್ಲಿ ಎಡವಿದಳು. ಧಾರಾವಾಹಿಯಲ್ಲಾಗಿದ್ದರೆ ಇಲ್ಲಿ ಸೊಂಟಕ್ಕೊಂದು ಕೈ ಬರಬೇಕು. ಕೈಗೆ ಸಿಕ್ಕಿದ್ದು ಬಾಗಿಲ ಪಕ್ಕದ ಕಸದ ಡಬ್ಬಿ. ಅದರ ಸದ್ದಿಗೆ ಬಾಗಿಲು ತಾನಾಗೇ ತೆರೆಯಿತು.

ತೆರೆದವಳು ಒಬ್ಬ ಹೆಂಗಸು. ಮೂಗು ಕೆಂಪಾಗಿತ್ತು, ಕೆನ್ನೆ ಒದ್ದೆಯಾಗಿತ್ತು. ಕೈಯಲ್ಲಿ ಅದೇ ಚೀಟಿ.

'ಅವರ ಅಕ್ಕ ಇರಬಹುದು' ಎಂದು ಲಾಂಡ್ರಿಯ ಹುಡುಗಿಯ ಮನಸ್ಸು ಕೊನೆಯದೊಂದು ಹುಲ್ಲುಕಡ್ಡಿ ಹಿಡಿಯಿತು.

"ಲಾಂಡ್ರಿಯಿಂದ ಬಂದ್ಯೇನಮ್ಮ? ಬಾ ಬಾ, ಒಳಗೆ ಬಾ! ನಮ್ಮೆಜಮಾನ್ರು ಏನು ಮಾಡಿದಾರೆ ನೋಡು." ಹುಲ್ಲುಕಡ್ಡಿ ಮುರಿಯಿತು. "ಮದುವೆಯಾಗಿ ಒಂಬತ್ತು ವರ್ಷ, ಒಂದಿನ ಬಾಯಿಬಿಟ್ಟು ಪ್ರೀತಿ ಅಂದೋರಲ್ಲ. ನಿಮ್ಮ ಅಂಗಡೀಲಿ ನಿಂತ ನಿಲುವಲ್ಲಿ, ನಿಮ್ಮ ಚೀಟಿ ಹಿಂದೇನೇ ಬರೆದು ಜೇಬಲ್ಲಿಟ್ಟಿದಾರೆ! ಇವರ ಅಕ್ಷರ ಇಷ್ಟು ದುಂಡಗಿದೆ ಅಂತಾನೂ ನಂಗೆ ಗೊತ್ತಿರಲಿಲ್ಲ, ಸಹಿ ಬಿಟ್ರೆ ಏನು ಬರೆದಿದಾರೆ ಅವರು?"

ಒಳಗೆ ಕುರ್ಚಿಯ ತುದಿಯಲ್ಲಿ ಕೋಟಿನವರು ಕೂತಿದ್ದರು, ಮಾಡದ ತಪ್ಪಿಗೆ ಬಹುಮಾನ ಬಂದವರಂತೆ. ಅವರ ದೃಷ್ಟಿ ಚೀಟಿಯ ಮೇಲಿಂದ ಹುಡುಗಿಯ ಕೈಯ ಶಾಯಿಯ ಕಲೆಗೆ ಬಂತು. ಅಲ್ಲೇ ನಿಂತಿತು.

"ಗುಂಡಿ ಕೊಡೋಕೆ ಬಂದೆ" ಎಂದು ಗುಂಡಿಯನ್ನು ಕೊಟ್ಟಳು.

"ಅದಕ್ಕೇ ನೋಡು, ನನ್ನ ಬಟ್ಟೆ ಲಾಂಡ್ರಿಗೆ ಹಾಕಲ್ಲ ನಾನು. ಬೇಜಾರು ಮಾಡ್ಕೋಬೇಡ, ಗುಂಡಿ ಕಿತ್ತು ಹಾಕ್ತೀರ ನೀವು" ಎಂದು ಆಕೆ ಕಣ್ಣೊರೆಸಿಕೊಂಡು ನಕ್ಕಳು.

ಹುಡುಗಿ ಮೆಟ್ಟಿಲಿಳಿದಳು. ಎರಡನೇ ಮಹಡಿಯಲ್ಲಿ ಹಿಂದಿನಿಂದ ಹೆಜ್ಜೆ ಕೇಳಿಸಿತು. "ಒಂದು ನಿಮಿಷ!"

ನಿಂತಳು. ಕಿಟಕಿಯಿಂದ ಸಂಜೆಯ ಬೆಳಕು ಬಿದ್ದಿತ್ತು. ಕೋಟಿನ ಅಂಚು ಗಾಳಿಗೆ ಹಾರುತ್ತಿತ್ತು. ಹದಿನೈದು ಕಂತು ಕಾದದ್ದು ಈ ಗಳಿಗೆಗೇ ಅಲ್ಲವೇ? ತಪ್ಪು ಎಂದು ತಿಳಿದೂ ಹಾಳು ಹೃದಯ ಪಿಯಾನೋಗೆ ಕಾಯಿತು.

"ಅದು ನೀವು ಬರೆದದ್ದು" ಎಂದರು ಅವರು ಮೆಲ್ಲಗೆ.

ಅವಳು ಶಾಯಿಯ ಕೈಯನ್ನು ಏಪ್ರನ್ನಿಗೆ ಒರೆಸಿದಳು.

"ಯಾರಿಗೆ ಅಂತ ನಾನು ಕೇಳಲ್ಲ. ಆದ್ರೆ ನನ್ನ ಪರಿಸ್ಥಿತಿ ಸ್ವಲ್ಪ ಕೇಳಿ. ಅವಳು ಯಾವುದೋ ಕೊರಿಯಾ ಸೀರಿಯಲ್ ನೋಡಿ ಈ ಕೋಟು ತಂದು ತೊಡಿಸಿದಾಳೆ. ಈ ಸೆಕೆಗೆ ಪ್ರಾಣ ಹೋಗುತ್ತೆ. ವಾರಕ್ಕೊಂದು ದಿನ ಆರಾಮಾಗಿರೋಣ ಅಂತ ನಿಮ್ಮಲ್ಲಿಗೆ ತರ್ತಿದ್ದೆ. ಕೋಟು ಹಾಕ್ಕೊಂಡ್ರೂ ಆ ಹೀರೋ ಹಾಗೆ ಮಾತಾಡಲ್ಲ ಅಂತ ಅವಳಿಗೆ ಕೊರಗು. ನಂಗೆ ಮಾತು ಬರಲ್ಲಮ್ಮ." ಅವರು ಬೆವರೊರೆಸಿಕೊಂಡರು. "ಒಂಬತ್ತು ವರ್ಷದಲ್ಲಿ ಅವಳು ಹೀಗೆ ನಕ್ಕಿದ್ದು ನೋಡಿರಲಿಲ್ಲ. ಮುಂದಿನ ಗುರುವಾರಾನೂ ಎರಡು ಸಾಲು ಬರೆದು ಜೇಬಲ್ಲಿ ಇಡ್ತೀರಾ?"

ಅವರು ಇಷ್ಟು ಮಾತಾಡಿದ್ದು ಅದೇ ಮೊದಲು. ಅವಳು ಎಣಿಸಲಿಲ್ಲ. "ಇಡ್ತೀನಿ" ಎಂದಳು.

ಅಂಗಡಿಯಲ್ಲಿ ಇಬ್ಬರೂ ಬಾಗಿಲಲ್ಲೇ ಕಾದಿದ್ದರು.

"ಏನಂದ್ರೇ?"

"ಮುಂದಿನ ವಾರ ಇನ್ನೊಂದು ಚೀಟಿ ಬೇಕಂತೆ."

"ನಾನು ಹೇಳಿಲ್ವಾ! ಬಟ್ಟೆ ಸುಳ್ಳು ಹೇಳಲ್ಲ!" ಗುಂಡಿಯಕ್ಕ ಅವಳನ್ನು ತಬ್ಬಿಕೊಂಡು, ಏಪ್ರನ್ನಿನ ಪಿನ್ನು ಚುಚ್ಚಿ, "ಅಮ್ಮಾ" ಎಂದು ಹಿಂದೆ ಸರಿದಳು. ಇಸ್ತ್ರಿಯಣ್ಣ ಖುಷಿಗೆ ಯಾರದೋ ಅಂಗಿಯ ಮೇಲೆ ಪೆಟ್ಟಿಗೆ ಮರೆತ.

ಮನೆಗೆ ಬಂದಾಗ ಅಜ್ಜಿ ಟೀವಿಯ ಮುಂದೆ ಅವಳಿಗಾಗಿ ಕಾಯುತ್ತಿದ್ದಳು. ಹದಿನಾರನೇ ಕಂತು ಶುರುವಾಗುವುದಕ್ಕೆ ಇನ್ನೂ ಐದು ನಿಮಿಷವಿತ್ತು. ಅವಳು ಅಜ್ಜಿಯ ಪಕ್ಕ ಕೂತು ಏಪ್ರನ್ನಿನ ಜೇಬಿನಿಂದ ಖಾಲಿ ಚೀಟಿಯೊಂದನ್ನು ತೆಗೆದಳು.

"ಅಜ್ಜೀ, ರಾಜಕುಮಾರನಿಗೂ ರಾಜಕುಮಾರಿಗೂ ಮದುವೆ ಆಯ್ತಲ್ಲ. ಓಲೆ ಒಯ್ದ ಗಿಳಿಗೆ ಏನಾಯ್ತು?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಬಂದಿರಲಿಲ್ಲ.

"ಗಿಳಿಗೇನಾಗುತ್ತೆ ಮಗಳೇ? ಮಾರನೇ ದಿನ ಇನ್ನೊಂದು ಓಲೆ."