ಎಡಗಾಲಿಗೆ ತಾಂಬೂಲ

ನನ್ನ ಷಡ್ಡಕ ಇಡೀ ಜನ್ಮದಲ್ಲಿ ಚೆಂಡು ಎಂದು ಒದ್ದದ್ದು ಒಂದೇ ಸಲ. ಅದೂ ಚೆಂಡಾಗಿರಲಿಲ್ಲ, ಸಿಪ್ಪೆ ಸುಲಿಯದ ತೆಂಗಿನಕಾಯಿ. ಕಾಯಿಗೆ ಏನೂ ಆಗಲಿಲ್ಲ, ಅವನ ಹೆಬ್ಬೆರಳು ಮುರಿಯಿತು. ಇಂಥ ಪುಣ್ಯಾತ್ಮ ಮಲೇಷ್ಯಾದಲ್ಲಿ ಒಂದು ಕಾಲೇಜಿನ ಫುಟ್‌ಬಾಲ್ ತಂಡವನ್ನು ಪಟ್ಟಿಯ ಬುಡದಿಂದ ತುದಿಗೆ ಏರಿಸಿದ ಎಂದರೆ ನೀವು ನಂಬುತ್ತೀರಾ? ನಾನಂತೂ ನಂಬುವುದಿಲ್ಲ. ಏರಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಆದರೂ ನಂಬುವುದಿಲ್ಲ!

ನಂಬದಿರಲು ನನಗೆ ಹಕ್ಕಿದೆ. ಸೈಬರ್‌ಜಯಾದ ಆ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು ನಾನು. ತಂಡದ ಸಲಹೆಗಾರ ಎಂದು ನೋಟಿಸ್ ಬೋರ್ಡಿನಲ್ಲಿ ನಾಲ್ಕು ವರ್ಷದಿಂದ ಹೆಸರಿದ್ದದ್ದು ನನ್ನದು. ಅವನು ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದದ್ದು ಬಿಟ್ಟರೆ ನಮ್ಮ ಕಾಲೇಜಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಕ್ಲಾಂಗ್ ಬಂದರಿನಲ್ಲಿ ಯಾವ ಕಂಟೇನರ್ ಮೇಲೆ ಯಾವ ಕಂಟೇನರ್ ಕೂರಬೇಕು ಎಂದು ನಿರ್ಧರಿಸುವುದು ಅವನ ಉದ್ಯೋಗ. ಎಲ್ಲಕ್ಕಿಂತ ಮುಖ್ಯವಾಗಿ, ಫುಟ್‌ಬಾಲ್ ಆಡಿದವನು ನಾನು! ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವಾಗ ಅಂತರಕಾಲೇಜು ಫೈನಲ್‌ನ ಕೊನೆಯ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದವನು ನಾನು!

ಹೊಡೆದೆ ಅಂದುಕೊಂಡಿದ್ದೇನೆ. ಇಲ್ಲೊಂದು ಸಣ್ಣ ತೊಡಕು. ಹೆಚ್ಚು ಓದಿದ್ದರ ಫಲವಾಗಿ ಪುರಾವೆ ಇಲ್ಲದ ಯಾವುದನ್ನೂ ನಂಬದ ಚಟ ನನಗೆ ಅಂಟಿಕೊಂಡಿದೆ. ದೇವರು, ಜಾತಕ, ಜಾಹೀರಾತು ಎಲ್ಲ ಮುಗಿದ ಮೇಲೆ ಅದು ನನ್ನ ನೆನಪಿನ ಮೇಲೇ ತಿರುಗಿತು. ಆ ಗೋಲು ಬಲಗಾಲಿನದೋ ಎಡಗಾಲಿನದೋ? ಮೈದಾನದಲ್ಲಿ ಕೆಸರಿತ್ತೋ, ಧೂಳೆದ್ದಿತ್ತೋ? ಊಟಕ್ಕೆ ಬಂದವರಿಗೆಲ್ಲ ಹೇಳಿ ಹೇಳಿ ಈಗ ಕೆಸರೂ ಇದೆ, ಧೂಳೂ ಇದೆ. ಒಂದು ಫೋಟೋ ಇಲ್ಲ. ಇರುವ ಸಾಕ್ಷಿ ಒಬ್ಬನೇ, ಇದೇ ಷಡ್ಡಕ. ಅದೇ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಹಿಂದಿದ್ದವನು, ಆ ದಿನ ಮೈದಾನದ ಕಟ್ಟೆಯ ಮೇಲೆ ಕೂತು ಆಟ ನೋಡಿದವನು. ನಾನು ಗೋಲಿನ ಕಥೆ ಶುರುಮಾಡಿದಾಗಲೆಲ್ಲ ಅವನು ಹೌದೆನ್ನದೆ, ಇಲ್ಲವೆನ್ನದೆ ಕೈ ತೊಳೆಯಲು ಎದ್ದುಹೋಗುತ್ತಿದ್ದ. ತಟ್ಟೆಯಲ್ಲಿ ಅನ್ನ ಇನ್ನೂ ಅರ್ಧ ಇರುವಾಗಲೇ!

ಅವನನ್ನು ಕಾಲೇಜಿಗೆ ಕರೆತಂದ ಪಾಪವೂ ನನ್ನದೇ. ಒಂದು ಶನಿವಾರ ಜಂಭ ಕೊಚ್ಚಿಕೊಳ್ಳಲು "ಬಾರಯ್ಯ, ನಮ್ಮ ಹುಡುಗರ ಆಟ ನೋಡು" ಎಂದೆ. ಏಳು ಗೋಲು ತಿಂದು ಸೋತೆವು. ನಾನು ರಕ್ಷಣಾವ್ಯೂಹದ ಬಗ್ಗೆ ವಿವರಿಸುತ್ತಿದ್ದರೆ ಅವನ ಗಮನವೆಲ್ಲ ಹುಡುಗರ ಕಾಲಿನ ಮೇಲೆ.

"ಅಣ್ಣಾರ, ಈ ಹುಡುಗೂರು ಏನು ತಿಂದು ಬಂದಾರ?"

"ಬೀದಿ ಬದಿಯ ಮಾಮಕ್ ಹೋಟ್ಲಲ್ಲಿ ರೋಟಿ, ಟೀ. ಯಾಕೆ?"

"ಹೆಂಗ ಬಂದ್ರು?"

"ಅವರವರ ಕಾರಲ್ಲಿ. ಇಬ್ಬರು ಇನ್ನೂ ಬರ್ತಾ ಇದಾರೆ."

"ಆಟ ಮುಗೀತಲ್ರಿ! ಹೋಗ್ಲಿ, ಇವರ ಸಾಕ್ಸ್ ಯಾರು ಒಗೀತಾರ?"

"ಸಾಕ್ಸಾ? ನನಗೇನೋ ಗೊತ್ತು?"

"ಹಂಗಾರ ಯಾಕ ಸೋತ್ರಿ ಅನ್ನೂದೂ ನಿಮಗ ಗೊತ್ತಿಲ್ಲ ಬಿಡ್ರಿ."

ಸೋಮವಾರದಿಂದ ಡ್ಯೂಟಿ ಮುಗಿಸಿ ದಿನವೂ ಹಾಜರಾಗತೊಡಗಿದ. ಮೊದಲ ವಾರವೆಲ್ಲ ಚೆಂಡಿನ ತಂಟೆಗೇ ಹೋಗಲಿಲ್ಲ. ಇಲ್ಲಿ ಮಧ್ಯಾಹ್ನ ನಾಲ್ಕಾದರೆ ಆಕಾಶ ಹರಿದು ಬೀಳುತ್ತದೆ. ಎಲ್ಲರೂ ಒಳಗೆ ಓಡಿದರೆ ಇವನು ಕೊಡೆ ಹಿಡಿದು ಮೈದಾನದ ನಡುವೆ ನಿಂತು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದ. ಕಾವಲುಗಾರ ನನ್ನ ಬಳಿ ಬಂದು, "ಸರ್, ಯುವರ್ ಬ್ರದರ್ ಓಕೆ ಆ?" ಎಂದು ವಿಚಾರಿಸಿದ. ನಾನು, ದೇವರಾಣೆಗೂ, ಅವನು ನನ್ನ ತಮ್ಮನಲ್ಲ ಎಂದೆ. ಎಂಟನೆಯ ದಿನ ಇವನು ಹುಡುಗರ ಕೈಯಲ್ಲಿ ಮೂರು ಕಾಲುವೆ ತೋಡಿಸಿದ. ಬೇರೆ ಕಾಲೇಜುಗಳ ಮೈದಾನ ಕೆರೆಯಾಗಿರುವಾಗ ನಮ್ಮಲ್ಲಿ ಐದೂವರೆಗೆ ಅಭ್ಯಾಸ!

ಆಮೇಲೆ ಎಲ್ಲರೂ ಒಂದೇ ಬಸ್ಸಿನಲ್ಲಿ ಬರಬೇಕೆಂದಾಯಿತು. ಆಟ ಮುಗಿದ ಮೇಲೆ ಎಲ್ಲರ ಸಾಕ್ಸೂ ಒಂದೇ ಚೀಲಕ್ಕೆ, ಒಗೆಯುವ ಸರದಿ ನಾಯಕನಿಂದಲೇ ಶುರು. ಆಮೇಲೆ ಬಂತು ರಾಗಿ ಅಂಬಲಿ. ಕ್ಲಾಂಗ್‌ನ ತಮಿಳರ ಅಂಗಡಿಯಿಂದ ಹಿಟ್ಟು ತಂದು, ಮಜ್ಜಿಗೆ ಬೆರೆಸಿ, ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಹೊತ್ತು ತರುತ್ತಿದ್ದ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ರಾಗಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತ್ತು, ಮೈಸೂರಿನವನಾದ ನನ್ನನ್ನು ಒಂದು ಮಾತು ಕೇಳದೆ! ಹುಡುಗರು ಮೂಗು ಮುರಿಯುತ್ತಾರೆ ಎಂದು ನಾನು ಆಸೆಯಿಂದ ಕಾದಿದ್ದೆ. ಆರಡಿಯ ನೈಜೀರಿಯಾದ ಹುಡುಗ ಒಂದು ಲೋಟ ಕುಡಿದು, "ಅಂಕಲ್, ದಿಸ್ ಈಸ್ ಮೈ ಗ್ರ್ಯಾಂಡ್‌ಮದರ್ಸ್ ಫುಡ್, ಲಾ!" ಎಂದು ಮಲೇಷ್ಯಾದವರ ರಾಗದಲ್ಲೇ ಹೇಳಿ ಇನ್ನೊಂದಕ್ಕೆ ಕೈಚಾಚಿದ.

"ಬಾಲ್ ಒದೆಯೂದು ಕಡೀ ಕೆಲಸ, ಅಣ್ಣಾರ. ಹಡಗು ಹೊರಡೂದನ್ನ ಎಲ್ಲಾರೂ ನೋಡ್ತಾರ. ಅದಕ್ಕ ಮಾಲು ಪೇರಿಸೂದನ್ನ ಯಾರೂ ನೋಡೂದಿಲ್ಲ" ಎನ್ನುತ್ತಿದ್ದ.

ಎರಡೇ ತಿಂಗಳಲ್ಲಿ ಅವನು ಹುಡುಗರಿಗೆ 'ಅಂಕಲ್ ಬಾಸ್' ಆದ. ನನ್ನನ್ನು ಕಂಡರೆ ಅವರು ಕೇಳುತ್ತಿದ್ದದ್ದು ಅಟೆಂಡೆನ್ಸ್ ಮಾತ್ರ. ಮನೆಯಲ್ಲಿ ಮಗಳಿಗೆ ನಾನು ಆಫ್‌ಸೈಡ್ ನಿಯಮ ವಿವರಿಸಲು ಹೋದರೆ, "ಇಟ್ಸ್ ಓಕೆ ಅಪ್ಪಾ, ಐ ವಿಲ್ ಆಸ್ಕ್ ಚಿಕ್ಕಪ್ಪ" ಎಂದಳು. ಆಫ್‌ಸೈಡ್ ಎಂದರೆ ಮೈದಾನದ ಆಚೆಬದಿ ಎಂದು ತಿಳಿದಿದ್ದ ಚಿಕ್ಕಪ್ಪ! ನಾನು ಊಟ ಬಿಟ್ಟು ಬಾಲ್ಕನಿಯಲ್ಲಿ ಓಡಾಡಿದೆ. ಒಳಗಿನಿಂದ ಹೆಂಡತಿ, "ಏನ್ರೀ, ಏನೋ ಸುಡ್ತಿರೋ ವಾಸನೆ ಬರ್ತಿದೆ. ಒಲೆ ಮೇಲಂತೂ ಏನೂ ಇಲ್ಲ" ಎಂದಳು.

ಇನ್ನು ಎಡಗಾಲಿನ ಕಥೆ. ಕ್ಲಾಂಗ್‌ನಲ್ಲಿ ಒಬ್ಬ ತಮಿಳು ಹುಡುಗನಿದ್ದ. ಅವನ ಎಡಗಾಲಿಗೆ ಚೆಂಡು ಸಿಕ್ಕರೆ ಗೋಲ್‌ಕೀಪರ್ ಕಣ್ಣು ಮುಚ್ಚಿಕೊಳ್ಳಬೇಕು, ಅಷ್ಟೆ. ಅವನಿಗಾಗಿ ಮೂರು ಕಾಲೇಜಿನವರು ಬಣ್ಣದ ಪುಸ್ತಿಕೆ ಹಿಡಿದು ಓಡಾಡುತ್ತಿದ್ದರು. ನಾನೂ ಒಂದು ಪುಸ್ತಿಕೆ ಸಿದ್ಧಮಾಡಿದೆ. ಷಡ್ಡಕ ಅದನ್ನು ಕಾರಿನಲ್ಲೇ ಬಿಟ್ಟ.

"ಮನೀ ಮಗನ್ನ ಕೇಳಾಕ ಹೊಂಟೇವಿ. ಹಂಗ ಹೋಗೂದೇನ್ರಿ?" ಎಂದವನೇ, ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಅಡಿಕೆ, ಮೊಳ ಹೂವು ಜೋಡಿಸಿದ. ನಮ್ಮ ಹೆಂಡಿರಾದ ಅಕ್ಕತಂಗಿಯರಿಬ್ಬರಿಗೂ ರೇಷ್ಮೆ ಸೀರೆ ಉಡಿಸಿದ. ಹೀಗೆ ಭಾನುವಾರ ಬೆಳಿಗ್ಗೆ ನಾವು ನಾಲ್ವರು ಆ ಮನೆಯ ಸೋಫಾದಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತೆವು.

ತಟ್ಟೆ ನೋಡಿದ್ದೇ ಮನೆಯವರ ಮುಖ ಬದಲಾಯಿತು. ಹುಡುಗನ ಅಕ್ಕ ಒಳಗೆ ಓಡಿದಳು. ಹತ್ತು ನಿಮಿಷದಲ್ಲಿ ಸೀರೆಯುಟ್ಟು, ಹೂ ಮುಡಿದು ಕಾಫಿ ತಂದಳು. ಷಡ್ಡಕ ನನ್ನ ಕಿವಿಯಲ್ಲಿ, "ಎಷ್ಟು ಮರ್ಯಾದಸ್ಥರು ನೋಡ್ರಿ" ಎಂದ. ಆಗ ಅವಳ ತಂದೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಎಲ್ಲಾ ಸರಿ. ವರ ಎಲ್ಲಿ?"

ಕೋಣೆಯಲ್ಲಿದ್ದ ಹೊರಗಿನ ಗಂಡಸರು ನಾವಿಬ್ಬರೇ. ಅವರ ಕಣ್ಣು ನನ್ನ ಬೋಳುತಲೆಯ ಮೇಲೆ ನಿಂತು ಬೆಚ್ಚಿತು. ಷಡ್ಡಕನಿಗೆ ಆಗ ಹೊಳೆಯಿತು. ಎದ್ದು ನಿಂತು, ಬೆಳಗಾವಿಯ ಕನ್ನಡಕ್ಕೆ ತಮಿಳಿನ ಬಾಲ ಅಂಟಿಸಿ, "ಅಯ್ಯಾ, ಮಗಳು ಬ್ಯಾಡ್ರಿ! ಮಗನ ಎಡಗಾಲು ಕೊಡ್ರಿ, ಸಾಕು!" ಎಂದು ಕೈಮುಗಿದ.

ಎಲ್ಲರಿಗಿಂತ ಮೊದಲು ನಕ್ಕವಳು ಆ ಹುಡುಗಿ. ಮೂಲೆಯಲ್ಲಿದ್ದ ಅಜ್ಜಿ ಕಣ್ಣೀರು ಬರುವಷ್ಟು ನಕ್ಕು, ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ಬಾಯಿಗೆ ಹಾಕಿಕೊಂಡರು. ಹಿರಿಯರು ತಾಂಬೂಲ ತೆಗೆದುಕೊಂಡ ಮೇಲೆ ಮುಗಿಯಿತಲ್ಲ! ಎಡಗಾಲು ನಮ್ಮ ಕಾಲೇಜು ಸೇರಿತು.

ಷಡ್ಡಕ ಬಂದ ಎರಡನೆಯ ವರ್ಷದ ಕೊನೆಯ ಪಂದ್ಯ. ಗೆದ್ದರೆ ನಾವೇ ಲೀಗ್‌ಗೆ ಮೊದಲು. ನಿಜ ಹೇಳಿಬಿಡುತ್ತೇನೆ, ನನ್ನೊಳಗೆ ಯಾರೋ ಒಬ್ಬ ಸೋಲಲಿ ಎಂದು ಕಾಯುತ್ತಿದ್ದ. ಗೆದ್ದರೆ ನನ್ನ ಬಳಿ ಉಳಿಯುವುದಾದರೂ ಏನು? ಅನುಮಾನದ ಒಂದು ಹಳೆಯ ಗೋಲು!

ಒಂದು–ಒಂದು ಸಮ. ಕೊನೆಯ ನಿಮಿಷಗಳು. ಎಡಗಾಲಿನ ಹುಡುಗ ಗೋಲ್‌ಕೀಪರನನ್ನೂ ದಾಟಿದ. ಎದುರಿಗೆ ಖಾಲಿ ಗೋಲು. "ಹೊಡಿಯೋ!" ಎಂದು ನಾನು ಚೀರಿದೆ. ಅವನು ಹೊಡೆಯಲಿಲ್ಲ! ಪಕ್ಕದಲ್ಲಿ ಓಡಿಬರುತ್ತಿದ್ದ ನಮ್ಮದೇ ತಂಡದ, ಕೆಲಂತಾನ್ ರಾಜ್ಯದ ಹುಡುಗನಿಗೆ ಚೆಂಡು ತಳ್ಳಿದ. ಆ ಹುಡುಗ ಅದೇ ಪಂದ್ಯದಲ್ಲಿ ಪೆನಾಲ್ಟಿ ಹಾಳುಮಾಡಿ ತಲೆ ತಗ್ಗಿಸಿಕೊಂಡೇ ಓಡುತ್ತಿದ್ದವನು. ಈ ಸಲ ತಪ್ಪಲಿಲ್ಲ. ಗೋಲು!

ಮೈದಾನವೆಲ್ಲ ಕುಣಿಯುತ್ತಿದ್ದಾಗ ನಾನು ಷಡ್ಡಕನ ಮೇಲೆ ಹರಿಹಾಯ್ದೆ. "ಅದೃಷ್ಟ ಕಣಯ್ಯ! ತಪ್ಪಿದ್ದರೆ? ಇದನ್ನ ಯಾರು ಕಲಿಸಿದ್ದು ಅವನಿಗೆ?"

"ನಾನ."

"ಚೆಂಡೇ ಒದ್ದಿಲ್ಲ ನೀನು. ನಿನಗ್ಯಾರು ಕಲಿಸಿದ್ದು?"

"ನೀವು."

ಇಷ್ಟು ವರ್ಷ ಕೇಳಲು ಹೆದರಿದ್ದನ್ನು ಕೇಳಿಬಿಟ್ಟೆ. "ಆ ದಿನ... ಗೋಲು ಹೊಡೆದದ್ದು ನಾನಲ್ವಾ?"

"ಅಲ್ರಿ, ಅಣ್ಣಾರ. ನಿಮ್ಮ ಮುಂದ ಹಿಂಗ ಖಾಲಿ ಗೋಲಿತ್ತು. ಬಾಜೂಕ ಒಬ್ಬಾವ ಇದ್ದ, ಪೆನಾಲ್ಟಿ ತಪ್ಪಿಸಿದ್ದ. ಇಡೀ ಕಾಲೇಜು ಅವನ್ನ ಬಯ್ಯಾಕ ಹತ್ತಿತ್ತು. ನೀವು ಬಾಲ್ ಅವಗ ಕೊಟ್ರಿ. ಎಲ್ಲಾರೂ ಅವನ್ನ ಹೊತ್ಕೊಂಡು ಹೋದ್ರು. ನೀವೊಬ್ಬರ ಹಿಂದ ಉಳದು, ಎಲ್ಲಾರೂ ಬಿಸಾಕಿದ ಸಾಕ್ಸ್ ಆರಸ್ತಿದ್ರಿ, ಕಾಲೇಜಿಗೆ ವಾಪಸ್ ಕೊಡಬೇಕಂತ. ನನಗ ಫುಟ್‌ಬಾಲ್ ಅಂದ್ರ ಗೊತ್ತಿರೂದು ಅಷ್ಟ."

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನಿಮ್ಮ ಗೋಲೂ ಚಲೋ ಇತ್ರಿ, ಮಂದಿ ಖುಷಿಯಿಂದ ಕೇಳ್ತಿದ್ರು. ಆದ್ರ ನನಗ ಈ ಪಾಸ್ ಭಾಳ ಸೇರ್ತಿತ್ತು. ಅದಕ್ಕ ಎದ್ದು ಹೋಗ್ತಿದ್ದೆ."

ಅವನು ಹುಡುಗರ ಕಡೆ ನಡೆದ. ನಾನು ನಿಂತಲ್ಲೇ ನೆನಪಿನಲ್ಲಿ ಹುಡುಕಿದೆ. ಗೋಲು ಇತ್ತು, ಎರಡೂ ಕಾಲಿನಲ್ಲಿ, ಕೆಸರು ಧೂಳುಗಳ ಸಮೇತ. ಪಾಸ್ ಎಲ್ಲೂ ಇರಲಿಲ್ಲ. ನನ್ನ ಸಮಾಧಾನಕ್ಕೆ ಅವನೇ ಕಟ್ಟಿದ್ದಿರಬಹುದು, ಪೇರಿಸುವುದರಲ್ಲಿ ನಿಪುಣನಲ್ಲವೇ? ಆದರೆ ತಡಕಾಡುತ್ತಿದ್ದಂತೆ ಒಂದು ಸಿಕ್ಕಿತು: ಎದೆಗವಚಿಕೊಂಡ ಒದ್ದೆ ಸಾಕ್ಸುಗಳ ಮುಗ್ಗಲು ವಾಸನೆ, ದೂರದಲ್ಲಿ ಕೇಕೆ. ಇದನ್ನು ನಾನು ಯಾವ ಊಟದಲ್ಲೂ ಯಾರಿಗೂ ಹೇಳಿರಲಿಲ್ಲ. ಹೇಳಿ ಹೇಳಿ ಕೆಡಿಸಿರಲಿಲ್ಲ.

ಆ ಹೊತ್ತಿನಿಂದ ಷಡ್ಡಕನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದೆಲ್ಲ ಈಗ ಬೆಳಗಾವಿಯಲ್ಲಿ ಸಾಕ್ಸ್ ಆರಿಸುತ್ತಿದ್ದ ಆ ಇಪ್ಪತ್ತೊಂದರ ಹುಡುಗನ ಮೇಲೆ.

"ಅಣ್ಣಾರ, ಬಸ್ ಹೊಂಟೈತ್ರಿ!" ಆಚೆಯಿಂದ ಕೂಗು ಬಂತು.

"ಸ್ವಲ್ಪ ನಿಲ್ಲಿಸೋ" ಎಂದೆ ಬಗ್ಗಿಕೊಂಡೇ. "ಇನ್ನೂ ನಾಲ್ಕು ಜೊತೆ ಸಿಕ್ಕಿಲ್ಲ."