ಮೂರನೆಯ ಹಾಡಿನ ಜಾಗ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಟ್ವೈಲಾ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಕಾಫಿ ಮಾಡಿದಳು. ಒಂದು ಲೋಟ ಕುಡಿದು, ಇನ್ನೊಂದನ್ನು ನೋಡುತ್ತ ಕುಳಿತಳು. ಅಡುಗೆಮನೆಯ ತುಂಬ ನೆರೆಹೊರೆಯವರು ಊಟ ತುಂಬಿ ತಂದ ಗಾಜಿನ ತಟ್ಟೆಗಳು. ಪ್ರತಿಯೊಂದರ ಅಡಿಯಲ್ಲೂ ಅಂಟುಪಟ್ಟಿಯ ಮೇಲೆ ಒಡತಿಯ ಹೆಸರು. ಟೆನೆಸ್ಸೀಯ ಆ ಊರಿನಲ್ಲಿ ಸಾವಿನ ಮನೆಗೆ ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಹದಿನಾಲ್ಕು ಇದ್ದವು.

ಹದಿನೈದನೆಯದನ್ನು ಹಿಡಿದು ಪಕ್ಕದ ಮನೆಯ ಹೋಯ್ಟ್ ಬಂದ. ಗಾಯಕಿ ರೂಬಿ ನೆಲ್ ಅಭಿಮಾನಿ ಸಂಘದ ಅಧ್ಯಕ್ಷ. ಅವನ ಬೆನ್ನಿಗೆ ಕಾರ್ಯದರ್ಶಿ ಓರಾ ಮೇ. ಸಂಘದ ಏಕೈಕ ಸದಸ್ಯ ಡೆಲ್ಬರ್ಟ್ ನಿನ್ನೆ ಮಣ್ಣು ಸೇರಿದ್ದ.

"ಕೋಳಿ-ಅನ್ನ ತಂದಿದೀನಮ್ಮ," ಎಂದ ಹೋಯ್ಟ್, ಕಣ್ಣು ಟೀವಿಯ ಕಡೆ. "ಅವಸರ ಏನಿಲ್ಲ... ಡೆಲ್ಬರ್ಟ್ ಸಂಘದ ಒಂದು ವಿಡಿಯೋ ಟೇಪ್ ಒಯ್ದಿದ್ದ. ಇವತ್ತು ಸಂಜೆ ರೂಬಿ ಹುಟ್ಟುಹಬ್ಬ."

"ಟೀವೀಲಿ ಮೊದಲನೇ ಸಲ ಹಾಡಿದ ಮೂರು ಹಾಡು!" ಓರಾ ಮೇ ಎದೆ ಮುಟ್ಟಿಕೊಂಡಳು. "ಎರಡನೇದ್ರಲ್ಲಿ ಗಿಟಾರ್ ತಂತಿ ಹರಿದ್ರೂ ರೆಪ್ಪೆ ಬಡಿಯಲ್ಲ ಕಣೇ ಮಹಾತಾಯಿ. ಪ್ರಪಂಚಕ್ಕೆ ಇದೊಂದೇ ಟೇಪು."

ನಕಲು ಮಾಡಿದಷ್ಟೂ ದನಿ ಸವೆಯುತ್ತದೆ ಎಂಬುದು ಸಂಘದ ನಂಬಿಕೆ.

ಟ್ವೈಲಾ ಅದನ್ನು ಬೆಳಗಿನ ಜಾವವೇ ನೋಡಿದ್ದಳು. ಮೂರನೆಯ ಹಾಡು ಅದರಲ್ಲಿರಲಿಲ್ಲ. ಡೆಲ್ಬರ್ಟ್ ಯಾರದೋ ಕ್ಯಾಮೆರಾಕ್ಕೆ ಖಾಲಿ ಟೇಪೆಂದು ಇದನ್ನೇ ಹಾಕಿ, ಆ ಹಾಡಿನ ಮೇಲೆಯೇ ತನ್ನನ್ನು ರೆಕಾರ್ಡ್ ಮಾಡಿಕೊಂಡಿದ್ದ. ರೂಬಿ ಇರಬೇಕಾದಲ್ಲಿ ಬನಿಯನ್ ತೊಟ್ಟ ಅವನು ಕುಳಿತು, ಮದುವೆಯ ವಾರ್ಷಿಕೋತ್ಸವಕ್ಕೆಂದು ಅದೇ ಹಾಡನ್ನು, ಬೇಲಿಗೆ ಕಾಲು ಸಿಕ್ಕಿದ ಕರುವಿನಂತೆ ಹಾಡುತ್ತಿದ್ದ. ಒಳಗಿನಿಂದ ಟ್ವೈಲಾಳದೇ ದನಿ ಊಟಕ್ಕೆ ಕರೆಯುತ್ತದೆ. "ಬಂದೆ ಕಣೇ!" ಎನ್ನುತ್ತಾನೆ. ಅವನ ದನಿ ಉಳಿದಿದ್ದುದು ಅಲ್ಲಿ ಮಾತ್ರ.

"ಅದು ಅವನ ಕೋಟಿನ ಜೇಬಲ್ಲಿದೆ," ಎಂದಳು ಟ್ವೈಲಾ. "ಶವಪೆಟ್ಟಿಗೆಯೊಳಗೇ ಇಟ್ಟುಬಿಟ್ಟೆ."

ಹೋಯ್ಟ್ ಟೋಪಿ ತೆಗೆದ. "ಎಂಥ ಅಭಿಮಾನ!" ಎಂದು ಮೂಗೊರೆಸಿಕೊಂಡು ಹೋದ.

ಮಧ್ಯಾಹ್ನ ಇಬ್ಬರೂ ಮತ್ತೆ ಬಂದರು. ಟ್ರಕ್ಕಿನ ಹಿಂದೆ ಎರಡು ಸಲಿಕೆಗಳಿದ್ದವು.

"ಮಣ್ಣು ಇನ್ನೂ ಸಡಿಲ ಇದೆ," ಎಂದ ಹೋಯ್ಟ್. "ಪಾದ್ರಿಗೂ ರೂಬಿ ಅಂದ್ರೆ ಪ್ರಾಣ. ನೀನೊಂದು ಸಹಿ ಹಾಕಿದ್ರೆ ಸಾಕು ಅಂದ್ರು."

ಓರಾ ಮೇ ಪೆನ್ನು ಚಾಚಿದಳು. "ಎಡಗಡೆ ಜೇಬೋ, ಬಲಗಡೆದೋ?"

"ಬೇಡ," ಎಂದಳು ಟ್ವೈಲಾ. "ಮನೇಲಿ ಇನ್ನೊಂದು ಸಲ ಹುಡುಕ್ತೀನಿ."

ಸಂಜೆ ಹೋಯ್ಟನ ತಟ್ಟೆ ತೊಳೆದಳು. ಅದರೊಳಗಿಡಲು ಏನನ್ನೂ ಬೇಯಿಸಿರಲಿಲ್ಲ. ಟೇಪನ್ನೇ ಇಟ್ಟು ಬೇಲಿ ದಾಟಿದಳು.

ಮೂವರೂ ನೋಡಿದರು. ತಂತಿ ಹರಿಯಿತು, ಇಬ್ಬರು ನಿಟ್ಟುಸಿರಿಟ್ಟರು. ಆಮೇಲೆ ಬನಿಯನ್ ಬಂತು. ಓರಾ ಮೇ ಕುರ್ಚಿಯ ತೋಳು ಹಿಡಿದುಕೊಂಡಳು. ಡೆಲ್ಬರ್ಟ್ ಒಂದು ಚರಣವನ್ನೂ ಬಿಡಲಿಲ್ಲ. "ಬಂದೆ ಕಣೇ!" ಎಂದು ಎದ್ದು ಹೋದ.

ಹೋಯ್ಟ್ ಎದ್ದು ಟೀವಿಯ ಬಳಿ ಹೋದ. ಟೇಪು ಹೊರತೆಗೆದು, ಅದರ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನು ಸ್ಕ್ರೂಡ್ರೈವರಿನಿಂದ ಮುರಿದ.

"ಇನ್ಮೇಲೆ ಇದ್ರ ಮೇಲೆ ಯಾರೂ ಏನೂ ರೆಕಾರ್ಡ್ ಮಾಡಕ್ಕಾಗಲ್ಲ. ಈ ಮನೆ ಹೊಸಿಲೂ ದಾಟಲ್ಲ."

"ನನಗೊಂದು ನಕಲು..."

"ದನಿ ಸವೆಯುತ್ತಮ್ಮ," ಎಂದ ಮೆಲ್ಲಗೆ. "ಅವನದು ಮೊದಲೇ ತೆಳು. ಮುಂದಿನ ಹುಟ್ಟುಹಬ್ಬಕ್ಕೆ ಬಾ, ನೋಡುವಂತೆ."

ಓರಾ ಮೇ ಅದೇ ತಟ್ಟೆಗೆ ಹುಟ್ಟುಹಬ್ಬದ ಕೇಕು ತುಂಬಿ ಅವಳ ಕೈಗಿಟ್ಟಳು. "ತಟ್ಟೆ ನಿಧಾನಕ್ಕೆ ತಾರೇ. ಖಾಲಿ ಮಾತ್ರ ತರಬೇಡ."

ಟ್ವೈಲಾ ಬೇಲಿ ದಾಟಿ ಬಂದು, ಅದನ್ನು ಹದಿನಾಲ್ಕರ ಪಕ್ಕಕ್ಕಿಟ್ಟಳು.